ಒಡ್ಡಿಗೆ ಮಡಿ ಉಡಿಸಿದ ಸಾಹೇಬರಿಗೆ

ಸವಣೂರು
ರೋಹಿಣಿ ಮಳೆಯ ಕೊನೆಯ ದಿನಗಳು, ೧೯೬೧

ನೀರಾವರಿ ಉಪವಿಭಾಗದ ಮಾನ್ಯ ಇಂಜಿನಿಯರ ಸಾಹೇಬರೇ,

ನಮ್ಮ ಕುರಿಗಳನ್ನು ಬಿಡಿರಿ. ಮಳೆ ತಲೆಯ ಮೇಲೆ ಬಂದು ನಿಂತಿದೆ. ಕ್ಷೇಮಸಮಾಚಾರ, ತಮ್ಮ ಘನ ಸನ್ನಿಧಾನಕ್ಕೆ ಸವಿನಯ ವಿನಂತಿ, ಇತ್ಯಾದಿ ಶಿಷ್ಟಾಚಾರಗಳು ನನಗೆ ಬರುವುದಿಲ್ಲವೆಂದಲ್ಲ. ಹೋದ ವರ್ಷ ತಮ್ಮ ಕಚೇರಿಗೆ ಕಳಿಸಿದ ಅರ್ಜಿಗಳಲ್ಲಿ ಅವನ್ನೆಲ್ಲ ಬರೆದು ಮುಗಿಸಿದ್ದೇನೆ. ಆ ಅರ್ಜಿಗಳನ್ನು ತಾವು ಓದಿದ್ದರೆ ಈ ಪತ್ರದ ಪ್ರಸಂಗವೇ ಬರುತ್ತಿರಲಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯವರ ಕೈಗೆ ಕೊಡುತ್ತಿದ್ದೇನೆ. ತಮ್ಮಲ್ಲಿ ಟಪಾಲು ಒಡೆಯುವ ರೂಢಿ ಇಲ್ಲದಿದ್ದರೂ ಚಹದ ಸಂಗಡ ಪತ್ರಿಕೆ ಓದುವ ರೂಢಿ ಉಂಟೆಂದು ತಮ್ಮ ಜವಾನನೇ ಹೇಳಿದ್ದಾನೆ.

ಕುರಿಗಳು ಯಲ್ಲಪ್ಪನೆಂಬ ಕುರುಬನವು. ಒಡ್ಡು ನನ್ನದು. ಕಳೆದ ವಾರ ಅದೇ ಜವಾನ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದು, ನನ್ನ ಸ್ವಂತ ಒಡ್ಡಿನ ಮೇಲೆ, ನನ್ನ ಕಣ್ಣೆದುರಿಗೆ, ನಾನೇ ಹೇಳಿ ನಡೆಸುತ್ತಿದ್ದ ಹಿಂಡನ್ನು ಅಟ್ಟಿಕೊಂಡು ಹೋದ. ಪರರ ಬೆಳೆ ಮೇಯ್ದ ತುಡುಗು ದನಗಳನ್ನು ಕೂಡಿಹಾಕುವ ಕೊಂಡವಾಡ ಇದೆಯಲ್ಲ, ಅಲ್ಲಿ ಹೊಡೆದು ಬೀಗ ಜಡಿದ. ಕುರಿಗಳು ಯಾರ ಬೆಳೆಯನ್ನೂ ಮೇಯ್ದಿರಲಿಲ್ಲ. ಅವುಗಳ ಅಪರಾಧ, ತಾವು ನೆಡಿಸಿದ ಫಲಕವನ್ನು ಓದದೆ ಒಡ್ಡಿನ ಮೇಲೆ ಕಾಲಿಟ್ಟದ್ದು.

ನಾನು ಯಾರೆಂದು ತಾವು ಮರೆತಿರಬಹುದು. ಹೋದ ವರ್ಷ ಬೇಸಿಗೆಯಲ್ಲಿ ತಾವು ಜೀಪಿನಲ್ಲಿ ನಮ್ಮ ಮನೆಯ ಮುಂದೆ ಇಳಿದು, "ಅಮ್ಮಾ, ನೀವು ಒಳಗೆ ಹೋಗಿ, ಗಂಡಸರು ಯಾರಾದರೂ ಇದ್ದರೆ ಕಳಿಸಿ" ಎಂದಿರಲ್ಲ, ಆ ಅಮ್ಮ ನಾನೇ. ತಮ್ಮ ಅಪ್ಪಣೆಯಂತೆ ಒಳಗೆ ಹೋದೆ. ಒಳಗೆ ಗಂಡಸರು ಯಾರೂ ಸಿಗಲಿಲ್ಲ, ನಾನೇ ಹೊರಗೆ ಬಂದೆ. ಆ ಒಡ್ಡಿನ ಯಜಮಾನಿಕೆ ನನ್ನ ಗಂಡ ತೀರಿಕೊಂಡಂದಿನಿಂದ ನನ್ನ ಕೊರಳಿಗೆ ಬಿದ್ದಿದೆ. ಅದನ್ನು ಕೇಳಿದಾಗ ತಮ್ಮ ಮುಖ ನೋಡುವ ಹಾಗಿತ್ತು. ಆದರೂ ನಾನು ಬೇಸರಿಸಲಿಲ್ಲ. ನಮ್ಮೂರಿನ ಹೆಸರಾದ ಕುರುಕಲು ತಿಂಡಿ, ಸವಣೂರಿನ ಖಾರ ತರಿಸಿ ಕೊಟ್ಟೆ, ತಾವು ಎರಡನೆಯ ಸಲವೂ ಹಾಕಿಸಿಕೊಂಡಿರಿ. ಅಲ್ಲಿಯವರೆಗೆ ನಮ್ಮ ಸಂಬಂಧ ಚೆನ್ನಾಗಿಯೇ ಇತ್ತು.

ತಮಗೆ ತಿಳಿಯದ್ದಲ್ಲ, ಆದರೆ ಪತ್ರಿಕೆ ಓದುವ ಉಳಿದವರಿಗಾಗಿ ಹೇಳುತ್ತೇನೆ. ಊರ ಹೊರಗೆ ಪಡುವಣಕ್ಕೆ ಒಂದು ಹಳ್ಳವಿದೆ. ನವಾಬರ ಸಂಸ್ಥಾನವಿದ್ದಾಗ ನನ್ನ ಮಾವನವರು ಆ ಹಳ್ಳಕ್ಕೆ ಅಡ್ಡಲಾಗಿ ತಮ್ಮ ಹೊಲದಲ್ಲಿ ಮಣ್ಣಿನ ಒಡ್ಡು ಹಾಕಿಸಿದರು. ನೀರು ಬಿಡುವ ತೂಬಿಗೂ, ಹೆಚ್ಚಾದ ನೀರು ಹರಿದುಹೋಗುವ ಕೋಡಿಗೂ ಮಾತ್ರ ಕಲ್ಲು, ಉಳಿದದ್ದೆಲ್ಲ ಮಣ್ಣು. ನೀರಿನ ಪಾಳಿಯನ್ನೂ ಅವರೇ ಗೊತ್ತುಮಾಡಿದರು. ಒಡ್ಡಿನ ಕೆಳಗಿನ ಎಲೆಬಳ್ಳಿಯ ತೋಟಗಳಿಗೆ ಮೊದಲು, ಆಮೇಲೆ ಭತ್ತದ ಗದ್ದೆಗಳಿಗೆ, ಎಲ್ಲರದೂ ಮುಗಿದ ಮೇಲೆ ನೀರು ಉಳಿದರೆ ನಮ್ಮ ಮನೆಯ ಹೊಲಕ್ಕೆ. ಮಾಲಕನ ಪಾಳಿ ಮೊದಲು ಬಂದರೆ ಉಳಿದವರ ಪಾಳಿ ಎಂದೂ ಬರುವುದಿಲ್ಲ ಎನ್ನುತ್ತಿದ್ದರಂತೆ. ಇಂದಿಗೂ ತೂಬು ತೆರೆಯುವವನು ಗದ್ದೆಯ ನೀಲಪ್ಪ. ಈ ನೀರಿಗಾಗಿ ಕೋರ್ಟಿಗೆ ಹೋದವರು ಯಾರೂ ಇಲ್ಲ; ಇದು ಹುಬ್ಬಳ್ಳಿಯಲ್ಲಿ ವಕೀಲಿ ಮಾಡುವ ನನ್ನ ಮೈದುನನಿಗೆ ಮಾತ್ರ ಒಂದು ಬೇಸರದ ಸಂಗತಿ.

ಈಗ ಕುರಿಗಳ ವಿಷಯ. ಭತ್ತದ ಸುಗ್ಗಿ ಮುಗಿದೊಡನೆ ನಮ್ಮ ಮೂಡಲ ಸೀಮೆಯ ಕುರುಬರು ಹಿಂಡು ಹೊಡೆದುಕೊಂಡು ಹಾನಗಲ್ಲು, ತಿಳವಳ್ಳಿಯ ಕಡೆ ಹೋಗುತ್ತಾರೆ. ಗದ್ದೆಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಗೊಬ್ಬರ ಮಾಡಿಕೊಟ್ಟು, ರೋಹಿಣಿ ಮಳೆಯ ಹೊತ್ತಿಗೆ ತಿರುಗಿ ಬರುತ್ತಾರೆ. ಬರುವ ದಾರಿಯಲ್ಲಿ ನಮ್ಮ ಒಡ್ಡು. ಒಡ್ಡಿನ ಹಿಂದೆ ನೀರು ನಿಲ್ಲುವ ಕೆರೆಯ ಅಂಗಳದ ಹುಲ್ಲು, ಗುಂಡಿಯಲ್ಲಿ ಉಳಿದ ನೀರು ಅವರಿಗೆ. ಅದಕ್ಕೆ ಪ್ರತಿಯಾಗಿ ಅವರ ಕುರಿಗಳು ದಿನಾಲೂ ಸಂಜೆ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯಬೇಕು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳಿಗೆ ಹೊಸ ಮಣ್ಣು ಹಾಕಿರುತ್ತೇವೆ, ಮೊದಲ ಹನಿಗಳಿಗೆ ಅದು ಹದವಾಗಿರುತ್ತದೆ, ಅದರ ಮೇಲೆ ಕುರಿಗಳ ಸಣ್ಣ ಗೊರಸು ಬಿದ್ದು ಬಿದ್ದು ಮಣ್ಣು ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಎಮ್ಮೆ ಹತ್ತಿಸಿದರೆ ಒಡ್ಡು ಕೆಡುತ್ತದೆಂಬ ತಮ್ಮ ಮಾತು ನಿಜ. ಎಮ್ಮೆ ಹತ್ತಿಸಿದರೆ ನೀಲಪ್ಪ ಕೋಲು ಹಿಡಿದು ಬರುತ್ತಾನೆ, ಅದಕ್ಕೆ ಫಲಕ ಬೇಕಾಗುವುದಿಲ್ಲ.

ಆದರೆ ಒಡ್ಡಿನ ನಟ್ಟನಡುವಿನ ಒಂದು ಜಾಗದಲ್ಲಿ ಮಾತ್ರ ಕುರಿ ಕಾಲಿಡುತ್ತಿರಲಿಲ್ಲ. ಇದು ನಮ್ಮ ಮನೆತನದ ಪ್ರತಾಪ. ಮಾವನವರು ಬಹಳ ಆಚಾರವಂತರು. ಒಡ್ಡು ಮುಗಿದ ವರ್ಷವೇ ಅದರ ಮೇಲೆ ನಾಲ್ಕು ಜನ ಕೂಡುವಷ್ಟು ಜಾಗವನ್ನು ತಮ್ಮ ಸಂಧ್ಯಾವಂದನೆಗೆಂದು ಹಿಡಿದರು, ತುಳಸಿ ನೆಟ್ಟರು, ಅಲ್ಲಿ ಕುರಿ ಹಿಕ್ಕೆ ಹಾಕಿದರೆ ಮೈಲಿಗೆ ಎಂದು ಕಟ್ಟಪ್ಪಣೆ ಮಾಡಿದರು. ಹೀಗಾಗಿ ಹಿಂಡು ಅಲ್ಲಿಯತನಕ ಬಂದು, ಒಡ್ಡಿನಿಂದ ಕೆಳಗಿಳಿದು, ಸುತ್ತುಹಾಕಿ, ಆಚೆ ಬದಿಯಲ್ಲಿ ಮತ್ತೆ ಏರಬೇಕು. ಮಾವನವರು ತೀರಿಕೊಂಡರು, ನನ್ನ ಗಂಡ ತೀರಿಕೊಂಡರು, ಮಡಿ ಮಾತ್ರ ತೀರಿಕೊಳ್ಳಲಿಲ್ಲ. ಸಂಧ್ಯಾವಂದನೆ ಮಾಡುವವರು ಒಬ್ಬರೂ ಉಳಿಯದಿದ್ದರೂ ಕುರಿಗಳು ಆ ಜಾಗ ಬಂದಕೂಡಲೇ ತಾವಾಗಿಯೇ ಇಳಿಯುತ್ತಿದ್ದವು. ಅಂಥ ಆಚಾರವಂತ ಕುರಿಗಳು ಉಡುಪಿಯಲ್ಲೂ ಸಿಗಲಿಕ್ಕಿಲ್ಲ. ನಾವು ಮನುಷ್ಯರೂ ಹಾಗೆಯೇ ಇಳಿದು ಸುತ್ತುಹಾಕುತ್ತಿದ್ದೆವು, ಯಾಕೆಂದು ಯಾರೂ ಕೇಳಲಿಲ್ಲ.

ಇನ್ನು ತಮ್ಮ ಭೇಟಿ. ಖಾರ ತಿಂದು, ಚಹ ಕುಡಿದು, ತಾವು ಒಡ್ಡಿನ ಮೇಲೆ ನಡೆದಿರಿ. ಬಿಳಿಯ ಮೇಜೋಡು, ಥಳಥಳಿಸುವ ಬೂಟು. ಯಲ್ಲಪ್ಪನ ಹಿಂಡು ತಿಳವಳ್ಳಿಯಿಂದ ಅಂದೇ ಬಂದು ಮುಟ್ಟಿತ್ತು, ಕುರಿಗಳು ಮುಂದೆ ಹೋಗಿದ್ದವು, ಹಿಂದೆ ಏನು ಬಿಟ್ಟು ಹೋಗಿದ್ದವೋ ಅದು ತಮ್ಮ ಬೂಟಿಗೆ ಹತ್ತಿತು. ಒಡ್ಡಿನ ಉದ್ದ ಎಷ್ಟು, ಎತ್ತರ ಎಷ್ಟು, ಕೋಡಿ ಎಲ್ಲಿದೆ ಎಂದು ತಾವು ಕೇಳುತ್ತಿದ್ದವರು ಅಲ್ಲಿಗೆ ನಿಲ್ಲಿಸಿದಿರಿ. ಜವಾನ ಕಡ್ಡಿಯಿಂದ ಬೂಟು ಕೆರೆಯುತ್ತಿರುವಾಗಲೇ ತಮ್ಮ ಬಾಯಿಂದ ಆಜ್ಞೆ ಹೊರಬಿತ್ತು: ಪ್ರಾಣಿಗಳು ಬಂಡನ್ನು, ಅಂದರೆ ಒಡ್ಡನ್ನು, ಸಡಿಲು ಮಾಡುತ್ತವೆ, ಇಂದಿನಿಂದ ನಿಷೇಧ. ನಾನು ಮಣ್ಣಿನ ವಿಷಯ ಎತ್ತಿದೆ. ಇದು ಶಾಸ್ತ್ರದ ವಿಷಯ, ನಿಮಗೆ ತಿಳಿಯುವುದಿಲ್ಲ ಎಂದಿರಿ. ಸಾಹೇಬರೇ, ಈ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ನಮ್ಮ ಮನೆಯಲ್ಲಿ ಮಾವನವರೂ ಪ್ರತಿಯೊಂದಕ್ಕೂ ಇದನ್ನೇ ಹೇಳುತ್ತಿದ್ದರು. ಅವರ ಶಾಸ್ತ್ರ ಬೇರೆ, ತಮ್ಮದು ಬೇರೆ. ದನಿ ಮಾತ್ರ ಒಂದೇ.

ಮರುದಿನವೇ ಫಲಕ ಬಂತು. ಅದರ ಬಣ್ಣ, ಅಕ್ಷರ, ಎಲ್ಲವೂ ಚೆಂದ. ನೀಲಪ್ಪ ಅದನ್ನು ಓದಿಸಿಕೊಂಡು ಯಲ್ಲಪ್ಪನಿಗೆ ತಿಳಿಸಿ ಹೇಳಿದ. ಆ ಬಡಪಾಯಿ ಹಿಂಡು ತಿರುಗಿಸಿಕೊಂಡು ಊರಾಚೆಯಿಂದ ಮೂಡಲಿಗೆ ಹೋದ. ಹೀಗೆ ಹೋದ ವರ್ಷ, ಒಡ್ಡು ಕಟ್ಟಿದಂದಿನಿಂದ ಮೊದಲ ಬಾರಿಗೆ, ಮಣ್ಣು ತುಳಿಯುವವರಿಲ್ಲದೆ ಮಳೆಗಾಲ ಬಂತು. ಮಾವನವರು ನಾಲ್ಕು ಜನ ಕೂಡುವಷ್ಟು ಜಾಗಕ್ಕೆ ಮಡಿ ಉಡಿಸಿದ್ದರು, ತಾವು ಇಡೀ ಒಡ್ಡಿಗೇ ಉಡಿಸಿದಿರಿ. ಆಚಾರದಲ್ಲಿ ತಾವು ನಮ್ಮ ಮನೆತನವನ್ನು ಮೀರಿಸಿದ್ದಕ್ಕೆ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು.

ಆಶ್ಲೇಷ ಮಳೆ ಹಿಡಿದಾಗ ಕೆರೆ ಎಂದೂ ಇಲ್ಲದಷ್ಟು ತುಂಬಿತು. ಒಂದು ಬೆಳಿಗ್ಗೆ ಹಾಜರಾಬಿ ನಮ್ಮ ಅಂಗಳಕ್ಕೆ ಓಡಿ ಬಂದಳು. ಹಾಜರಾಬಿ ಎಂದರೆ ಒಡ್ಡಿನ ಬುಡಕ್ಕೆ ಹತ್ತಿದ ಮೊದಲ ಎಲೆತೋಟದವಳು. ತೋಟದಲ್ಲಿಯೇ ಅವರ ಮನೆ. ಅವಳ ಗಂಡ ಕರೀಮಸಾಬರಿಗೆ ಲಕ್ವಾ ಹೊಡೆದು ಎಡಗಡೆಯ ಮೈ ಬಿದ್ದುಹೋಗಿದೆ. ಅವರು ಹೊರಸಿನ ಮೇಲೆ ಮಲಗಿದಲ್ಲಿಂದಲೇ ಯಾವ ಬಳ್ಳಿಗೆ ನೀರು ಸಾಲದು, ಯಾವುದನ್ನು ಇಳಿಸಿ ಕಟ್ಟಬೇಕು ಎಂದು ಹೇಳುತ್ತಾರೆ, ಅವಳು ಮಾಡುತ್ತಾಳೆ. ಅಂದು ಅವಳು ಅಂಗಳದಲ್ಲಿ ನಿಂತು, "ಬಾಯಾರ, ನಮ್ಮ ಕಾಲುವ್ಯಾಗ ಕೆಂಪು ನೀರ ಬರಾಕತ್ತಾವ್ರಿ. ತೂಬ ಮುಚ್ಚೇತಿ. ಮತ್ತ ನೀರ ಎಲ್ಲಿಂದ ಬರ್ತಾವ್ರಿ?" ಎಂದಳು.

ಒಡ್ಡಿನ ಬುಡದಿಂದ ತಿಳಿನೀರು ಜಿನುಗಿದರೆ ಯಾರೂ ಹೆದರುವುದಿಲ್ಲ, ಮಣ್ಣಿನ ಒಡ್ಡು ಬೆವರುವುದು ಇದ್ದದ್ದೇ. ಕೆಂಪು ನೀರು ಬಂತೆಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದರ್ಥ. ನೀಲಪ್ಪನನ್ನು ಕರೆದುಕೊಂಡು ಓಡಿದೆ. ಅವನು ಮೊದಲು ತೂಬನ್ನು ಪೂರ್ತಿ ತೆರೆದ. ಗದ್ದೆಗಳಿಗೆ ಮುಂದೆ ಬೇಕಾಗುವ ನೀರು ಹಳ್ಳ ಹಿಡಿದು ಹೋಯಿತು, ಅದರಲ್ಲಿ ಅವನ ನೀರೂ ಇತ್ತು. ಆಮೇಲೆ ಸೋರುವ ಜಾಗ ಹುಡುಕಿದೆವು. ಎಲ್ಲಿ ಸಿಕ್ಕಿತೆಂದು ತಾವು ಊಹಿಸಬಲ್ಲಿರಿ. ಮಾವನವರ ತುಳಸಿಯ ಬುಡದಲ್ಲಿ ಸಿಕ್ಕಿತು. ಕುರಿ ತುಳಿಯದ, ಗುದ್ದಲಿ ಮುಟ್ಟದ, ಮನುಷ್ಯರು ಕೂಡ ಸುತ್ತುಹಾಕಿ ಹೋಗುವ ಪರಮಪವಿತ್ರ ಜಾಗದಲ್ಲಿ ಹೆಗ್ಗಣಗಳು ಮಕ್ಕಳು ಮರಿಗಳೊಂದಿಗೆ ಅಗ್ರಹಾರವನ್ನೇ ಕಟ್ಟಿಕೊಂಡಿದ್ದವು. ನೀರು ಅಷ್ಟು ಎತ್ತರಕ್ಕೆ ಎಂದೂ ಏರಿರಲಿಲ್ಲ, ಆದ್ದರಿಂದ ಗೊತ್ತಾಗಿರಲಿಲ್ಲ. ಆ ವರ್ಷ ಏರಿತು, ಅವುಗಳ ಬಿಲ ಹಿಡಿದು ಆಚೆ ಬದಿಗೆ ಬಂತು.

ಅಗೆದು ಬಿಲ ಮುಚ್ಚಬೇಕೆಂದೆವು. ಅಷ್ಟರಲ್ಲಿ ಸುದ್ದಿ ಕೇಳಿ ನನ್ನ ಮೈದುನ ರಾಘವೇಂದ್ರ ಹುಬ್ಬಳ್ಳಿಯಿಂದ ಬಂದ. ಅವನು ಒಳ್ಳೆಯವನೇ, ಆದರೆ ಒಡ್ಡು ನೋಡಿ ಅವನ ಕಣ್ಣಲ್ಲಿ ಬಂದದ್ದು ಹೆದರಿಕೆಯಲ್ಲ, ಭಕ್ತಿ.

"ವೈನಿ, ಅಪ್ಪ ಜಪಾ ಮಾಡಿದ ಜಾಗಾ ಅದು. ಅಲ್ಲಿ ಗುದ್ದಲಿ ಹಾಕಬ್ಯಾಡ್ರಿ" ಎಂದ.

"ಆ ಜಾಗಾ ಹೆಗ್ಗಣದ ಹೆಸರಿಗೆ ಆಗಿ ಭಾಳ ದಿನಾ ಆತು, ರಾಘಪ್ಪ. ನೀ ವಕೀಲ ಇದ್ದಿ, ಬೇಕಾದ್ರ ಅವುಗಳ ಮ್ಯಾಲ ದಾವಾ ಹಾಕು. ಅಲ್ಲೀತನಕಾ ನಾವು ಅಗೀತೇವಿ" ಎಂದೆ.

ಅವನು ಸಿಟ್ಟಾಗಿ ಸಂಜೆಯ ಬಸ್ಸಿಗೆ ಹೋದ. ನಾವು ತುಳಸಿಯನ್ನು ಬೇರುಸಹಿತ ತೆಗೆದು ಮನೆಯ ಹಿತ್ತಲಲ್ಲಿ ನೆಟ್ಟೆವು, ಬಿಲಗಳನ್ನು ಅಗೆದು ಹೊಸ ಮಣ್ಣು ತುಂಬಿದೆವು. ತೋಟದವರು, ಗದ್ದೆಯವರು, ಎಲ್ಲರೂ ಬಂದಿದ್ದರು. ಮಳೆಯಲ್ಲಿ ತುಂಬಿದ ಮಣ್ಣು ಕೆಸರಾಗಿ ಕೂತಿತೇ ಹೊರತು ಗಟ್ಟಿಯಾಗಲಿಲ್ಲ. ಉಳಿದ ಮಳೆಗಾಲವೆಲ್ಲ ತೂಬು ಅರ್ಧ ತೆರೆದಿಟ್ಟು, ಕೆರೆಯನ್ನು ಅರ್ಧಕ್ಕಿಂತ ಮೇಲೆ ತುಂಬಗೊಡದೆ ಕಳೆದೆವು. ಒಡ್ಡು ಉಳಿಯಿತು. ಗದ್ದೆಗಳ ಎರಡನೆಯ ಬೆಳೆ ಹೋಯಿತು.

ಇಷ್ಟೆಲ್ಲ ಆಗುವಾಗ ನಾನು ತಮಗೆ ಸಹಾಯ ಕೇಳಿ ಬರೆದೆ. ಬಹುದಿನಗಳ ಮೇಲೆ ಉತ್ತರ ಬಂತು, ಒಂದಲ್ಲ, ಎರಡು ಬಂದವು. ಒಂದರಲ್ಲಿ, ಸದರಿ ಒಡ್ಡು ಖಾಸಗಿ ಸ್ವತ್ತಾದುದರಿಂದ ಅದರ ದುರಸ್ತಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ, ಒಡೆದು ಕೆಳಗಿನವರಿಗೆ ಹಾನಿಯಾದಲ್ಲಿ ಮಾಲಕರೇ ಹೊಣೆ ಎಂದಿತ್ತು. ಇನ್ನೊಂದರಲ್ಲಿ, ಸದರಿ ಹಳ್ಳದ ನೀರು ಸರಕಾರದ್ದಾದುದರಿಂದ ಪೂರ್ವಾನುಮತಿಯಿಲ್ಲದೆ ತೂಬು ತೆರೆದು ಪೋಲು ಮಾಡಿದ್ದಕ್ಕೆ ಸಮಜಾಯಿಷಿ ಕೊಡತಕ್ಕದ್ದು ಎಂದಿತ್ತು. ಎರಡೂ ಒಂದೇ ದಿನ, ಒಂದೇ ಟಪಾಲಿನಲ್ಲಿ, ತಮ್ಮ ಒಂದೇ ರುಜು ಹೊತ್ತು ಬಂದವು. ಅಂದರೆ ಮಣ್ಣು ನನ್ನದು, ನೀರು ತಮ್ಮದು. ಹಾಗಿದ್ದರೆ ಸಾಹೇಬರೇ, ತಮ್ಮ ನೀರು ನನ್ನ ಮಣ್ಣನ್ನು ನೂಕುತ್ತಿದೆ, ದಯವಿಟ್ಟು ಹಿಡಿದುಕೊಳ್ಳಿರಿ. ಮಣ್ಣು ನನ್ನದೇ ಎಂದಾದರೆ ಅದರ ಮೇಲೆ ಯಾರ ಕುರಿ ನಡೆಯಬೇಕೆಂದು ಹೇಳುವ ಅಧಿಕಾರ ತಮಗೆ ಎಲ್ಲಿಂದ ಬಂತು? ದುರಸ್ತಿಗೆ ಬೇಡವಾದ ಒಡ್ಡು ಫಲಕ ನೆಡುವುದಕ್ಕೆ ಮಾತ್ರ ಹೇಗೆ ಬೇಕಾಯಿತು? ನವಾಬರ ಆಳಿಕೆ ನೋಡಿದ್ದೇನೆ, ಮುಂಬಯಿ ಸರಕಾರ ನೋಡಿದ್ದೇನೆ, ಈಗ ಮೈಸೂರು ಸರಕಾರ ನೋಡುತ್ತಿದ್ದೇನೆ. ನವಾಬರು ನಮ್ಮ ಒಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಅದು ಎಂಥ ದೊಡ್ಡ ಉಪಕಾರವಾಗಿತ್ತೆಂದು ಈಗ ತಿಳಿಯುತ್ತಿದೆ.

ಈ ವರ್ಷದ್ದಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಆ ಕೆಸರನ್ನೆಲ್ಲ ತೆಗೆದು, ಒಣಗಿಸಿ, ಮತ್ತೆ ತುಂಬಿದೆವು. ಅದನ್ನು ತುಳಿಸಿ ಗಟ್ಟಿ ಮಾಡುವುದೊಂದೇ ಉಳಿದಿತ್ತು. ತಿಳವಳ್ಳಿಯಿಂದ ತಿರುಗಿ ಬರುತ್ತಿದ್ದ ಯಲ್ಲಪ್ಪನಿಗೆ ನಾನೇ ಹೇಳಿ ಕಳಿಸಿದೆ. ಫಲಕಕ್ಕೆ ಹೆದರಿ ಅವನು ಹಿಂದೆಗೆದ. ಏನಾದರೂ ಆದರೆ ಹೊಣೆ ನನ್ನದೆಂದೆ. ಈ ಮಾತಿಗಾಗಿಯೇ ಇಂದು ಈ ಪತ್ರ ಬರೆಯುತ್ತಿದ್ದೇನೆ.

ಕುರಿಗಳು ಒಡ್ಡು ಏರಿದವು. ನಡೆಯುತ್ತ ನಡುಭಾಗಕ್ಕೆ ಬಂದವು. ಅಲ್ಲಿ ತುಳಸಿಯಿಲ್ಲ, ಏನೂ ಇಲ್ಲ, ಹೊಸ ಮಣ್ಣು ಮಾತ್ರ. ಮುಂದಿನ ಟಗರು ಒಂದು ಗಳಿಗೆ ನಿಂತಿತು, ಮೂಸಿತು, ಎಂದಿನಂತೆ ಒಡ್ಡಿನಿಂದ ಕೆಳಗಿಳಿಯಿತು. ಹಿಂದಿನವೆಲ್ಲ ಅದರ ಬೆನ್ನು ಹತ್ತಿದವು. ಯಲ್ಲಪ್ಪ ಕೂಗಿದ, ಕಲ್ಲು ಬೀಸಿದ, ಅಡ್ಡಗಟ್ಟಿದ, ಏನು ಮಾಡಿದರೂ ಒಲ್ಲೆವೆಂದವು. ನಾವು ಕಲಿಸಿದ ಪಾಠವನ್ನು ಅವು ನಮಗಿಂತ ಚೆನ್ನಾಗಿ ಕಲಿತಿದ್ದವು. ಯಾವ ಜಾಗವನ್ನು ತುಳಿಯಬೇಕಾಗಿತ್ತೋ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತುಳಿದವು. ನೀಲಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

ಕಡೆಗೆ ನಾನು ಉಡಿಯಲ್ಲಿ ಜಾಲಿಕಾಯಿ ತುಂಬಿಕೊಂಡು ಹೋದೆ. ಹುಟ್ಟಿದಂದಿನಿಂದ ಮಡಿಯಲ್ಲಿಯೇ ಬೆಳೆದವಳು, ತಲೆಯ ಮೇಲೆ ಸೆರಗು ಹೊದ್ದ ಮುದುಕಿ, ಮಾವನವರ ಜಪದ ಜಾಗದಲ್ಲಿ ನಿಂತು ಟಗರಿಗೆ ಜಾಲಿಕಾಯಿ ತೋರಿಸಿ ಬಾ ಬಾ ಎಂದು ಕರೆದೆ. ಊರವರು ನೋಡುತ್ತಿದ್ದರು. ಟಗರು ಬಹಳ ಹೊತ್ತು ವಿಚಾರ ಮಾಡಿತು. ಬಂದು ಒಂದು ಕಾಯಿ ತಿಂದಿತು. ನಾನು ಹಿಂದೆ ಹಿಂದೆ ಸರಿದೆ, ಅದು ಮುಂದೆ ಮುಂದೆ ಬಂತು, ಅದರ ಹಿಂದೆ ಹಿಂಡೆಲ್ಲ ಬಂತು. ನಡುವೆ ಒಂದೆರಡು ಮರಿಗಳು ಮಾವನವರ ಪೀಠವಿದ್ದ ಜಾಗದಲ್ಲೇ ತಮ್ಮ ಕೆಲಸ ಮುಗಿಸಿಕೊಂಡವು. ನನಗೆ ನಗು ಬಂತು, ಅಳುವೂ ಬಂತು. ಆಕಾಶವೇನೂ ಬೀಳಲಿಲ್ಲ. ಮೂರನೆಯ ಸಂಜೆಯ ಹೊತ್ತಿಗೆ ಕುರಿಗಳಿಗೆ ರೂಢಿಯಾಗಿ ಜಾಲಿಕಾಯಿಯಿಲ್ಲದೆಯೇ ನಡೆಯತೊಡಗಿದವು. ಇನ್ನೂ ಒಂದು ವಾರ ನಡೆದಿದ್ದರೆ ಸಾಕಾಗುತ್ತಿತ್ತು. ಆಗ ತಮ್ಮ ಜವಾನ ಬಂದ.

ಈಗ ಯಲ್ಲಪ್ಪ ಕೊಂಡವಾಡದ ಗೋಡೆಯ ಹೊರಗೆ ಕೂತು ಸೊಪ್ಪು ಕಡಿದು ಒಳಗೆ ಎಸೆಯುತ್ತಿದ್ದಾನೆ. ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕು ನೆಲ ಕೆಸರಾಗುವುದರೊಳಗೆ ಅವನು ಮೂಡಲ ಸೀಮೆಯ ಒಣನೆಲ ಮುಟ್ಟಬೇಕು, ಇಲ್ಲವಾದರೆ ಕುರಿಗಳ ಗೊರಸು ಕೊಳೆಯುತ್ತವೆ. ಇನ್ನು ಮುಂದೆ ಯಾವ ಒಡ್ಡಿನ ಮೇಲೂ ಕುರಿ ಹಾಯಿಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತೇವೆಂದು ತಮ್ಮ ಕಚೇರಿಯವರು ಅವನಿಗೆ ಹೇಳಿದ್ದಾರಂತೆ. ಅವನು ಹೆಬ್ಬಟ್ಟು ಒತ್ತಲಿಲ್ಲ. ನಾನು ಹೋಗಿ, ಒತ್ತಿ ಬಿಡಿಸಿಕೊಂಡು ಹೋಗಪ್ಪ, ನನ್ನ ಒಡ್ಡಿನ ಸಲುವಾಗಿ ನಿನ್ನ ಹಿಂಡು ಕಳೆದುಕೊಳ್ಳಬೇಡ ಎಂದು ಬೇಡಿಕೊಂಡೆ. "ಒತ್ತಿದ್ರ ಬರೋ ವರ್ಷ ಎಲ್ಲಿ ನೀರ ಕುಡಿಸಲಿರಿ, ಬಾಯಾರ? ನಮ್ಮ ದಾರೀನ ಒಡ್ಡಿನಿಂದ ಒಡ್ಡಿಗೆ ಐತ್ರಿ" ಎಂದ. ಇದಕ್ಕೆ ಉತ್ತರ ತಮಗೆ ಹೊಳೆದರೆ ಅವನಿಗೆ ಹೇಳಿ ಕಳಿಸಿರಿ.

ಶಾಸ್ತ್ರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನನ್ನ ಅಣ್ಣನ ಮಗ ಮಧ್ವೇಶ ಇಂಜಿನಿಯರಿಂಗ್ ಓದುತ್ತಾನೆ, ಅಂದರೆ ನಾಳೆ ತಮ್ಮ ಕುರ್ಚಿಯಲ್ಲಿ ಕೂಡುವವನು. ಅವನ ಪುಸ್ತಕದಲ್ಲಿ ಒಂದು ಯಂತ್ರದ ಚಿತ್ರ ತೋರಿಸಿದ. ದೊಡ್ಡ ದೊಡ್ಡ ಮಣ್ಣಿನ ಅಣೆಕಟ್ಟು ಕಟ್ಟುವಾಗ ಮಣ್ಣು ಗಟ್ಟಿ ಮಾಡಲು ಎಳೆಯುವ ಕಬ್ಬಿಣದ ಉರುಳೆಯಂತೆ ಅದು. ಉರುಳೆಯ ಮೈತುಂಬ ಗೊರಸಿನಂಥ ಕಬ್ಬಿಣದ ಉಬ್ಬುಗಳು. ಅದನ್ನು ಸಾಹೇಬರ ಭಾಷೆಯಲ್ಲಿ ಕುರಿಗಾಲಿನ ರೋಲರು ಎನ್ನುತ್ತಾರಂತೆ. ನಾನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ. ವಿಲಾಯತಿಯ ಇಂಜಿನಿಯರರು ಕುರಿಯ ಕಾಲು ನೋಡಿ ಕಬ್ಬಿಣ ಎರಕ ಹೊಯ್ದರು, ನಮ್ಮ ಸಾಹೇಬರು ಕುರಿಯ ಕಾಲು ನೋಡಿ ಕೊಂಡವಾಡಕ್ಕೆ ಕಳಿಸಿದರು. ಆ ರೋಲರು ತಮ್ಮಲ್ಲಿ ಇದ್ದರೆ ಕಳಿಸಿರಿ, ಕುರಿ ಬೇಡ. ಖಾಸಗಿ ಒಡ್ಡಿಗೆ ಸರಕಾರಿ ರೋಲರು ಕೊಡಲು ಬರುವುದಿಲ್ಲವೆಂದರೆ ಖಾಸಗಿ ಕುರಿಗಳನ್ನಾದರೂ ಬಿಡಿರಿ.

ನಗೆಯಾಡಿದ್ದು ಸಾಕು. ನನಗೆ ಹೆದರಿಕೆಯಾಗಿದೆ, ಸಾಹೇಬರೇ. ಒಡ್ಡಿನ ನಡುಭಾಗ ಅರ್ಧ ತುಳಿದು ಬಿಟ್ಟ ಹಸಿ ಮಣ್ಣು. ನಾವು ಸುಮ್ಮನೆ ಕೂತಿಲ್ಲ. ಸಂಜೆಯಾದರೆ ಗದ್ದೆಯವರು, ತೋಟದವರು, ಹೆಂಗಸರು, ಎಲ್ಲರೂ ಬರಿಗಾಲಿನಲ್ಲಿ ಅದರ ಮೇಲೆ ಸಾಲುಹಿಡಿದು ನಡೆಯುತ್ತೇವೆ, ನಾನೂ ನಡೆಯುತ್ತೇನೆ. ಮನುಷ್ಯರ ಕಾಲು ಅಗಲ, ಮೆತ್ತಗೆ. ಮೇಲೆ ನುಣ್ಣಗಾಗುತ್ತದೆ, ಒಳಗೆ ಹಾಗೆಯೇ ಉಳಿಯುತ್ತದೆ. ಮೊನ್ನೆ ಹಾಜರಾಬಿಯ ಮನೆಗೆ ಹೋಗಿ, ಮಳೆಗಾಲ ಮುಗಿಯುವವರೆಗೆ ಇಬ್ಬರೂ ನಮ್ಮ ಮನೆಗೆ ಬಂದಿರಿ, ನಡುಮನೆ ಖಾಲಿ ಮಾಡಿಸಿದ್ದೇನೆ ಎಂದೆ. ಹಾಜರಾಬಿ ಗಂಡನ ಮುಖ ನೋಡಿದಳು. ಕರೀಮಸಾಬರು ಸೊಟ್ಟಗಾದ ಬಾಯಿಂದ ನಿಧಾನವಾಗಿ, "ಬಾಯಾರ, ನೀರಿನ ಪಾಳೆ ಬಿಟ್ಟು ಹ್ವಾದ್ರ ಬಳ್ಳಿ ಒಂದು ವಾರ ತಡಿಯಾಂಗಿಲ್ರಿ. ನೀವು ಒಡ್ಡ ಕಾಯ್ರಿ. ನಾ ಬಳ್ಳಿ ಕಾಯ್ತೇನಿ" ಎಂದರು. ನಾನು ಒಡ್ಡು ಕಾಯುತ್ತೇನೆಂಬ ನಂಬಿಕೆಯ ಮೇಲೆ ಆ ಮನುಷ್ಯ ಅಲ್ಲಿ ಮಲಗಿದ್ದಾರೆ. ಕಾಯಲು ನನ್ನ ಕೈಯಲ್ಲಿ ತಾವು ಏನು ಉಳಿಸಿದ್ದೀರಿ?

ಆದ್ದರಿಂದ ನನ್ನ ಬೇಡಿಕೆ. ಈ ಪತ್ರಿಕೆ ತಮ್ಮ ಕೈಸೇರಿದ ದಿನವೇ ಯಲ್ಲಪ್ಪನ ಹಿಂಡನ್ನು ಮುಚ್ಚಳಿಕೆ ಗಿಚ್ಚಳಿಕೆ ಏನೂ ಇಲ್ಲದೆ ಬಿಡಬೇಕು. ಮಿರಗ ಹೊಗುವ ಮೊದಲು ಅದು ನಮ್ಮ ಒಡ್ಡಿನ ಮೇಲೆ ನಡೆದು ಮುಂದೆ ಹೋಗಬೇಕು. ಫಲಕವನ್ನು ತಾವು ಕೀಳಿಸಬೇಕು, ತಮಗೆ ನಾಚಿಕೆಯಾದರೆ ನಾವೇ ಕೀಳುತ್ತೇವೆ. ನನ್ನ ಮೇಲೆ ಖಟ್ಲೆ ಹಾಕುವುದಿದ್ದರೆ ಧಾರಾಳವಾಗಿ ಹಾಕಿರಿ. ನನ್ನ ಮೈದುನ ಸಿಟ್ಟು ಬಿಟ್ಟು ಬಂದು ಪುಕ್ಕಟೆ ವಾದಿಸುತ್ತಾನೆ, ಅವನಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ.

ಕುರಿಯ ಕಾಲಿಲ್ಲದೆಯೇ ಒಡ್ಡು ನಿಲ್ಲುತ್ತದೆಂದು ತಮ್ಮ ಶಾಸ್ತ್ರ ಹೇಳುತ್ತಿದ್ದರೆ ಇನ್ನೊಂದು ದಾರಿಯೂ ಇದೆ. ಕರೀಮಸಾಬರ ಹೊರಸಿನ ಪಕ್ಕದಲ್ಲಿ ಇನ್ನೊಂದು ಹೊರಸು ಹಾಕಿಸುತ್ತೇನೆ. ಒಳ್ಳೆಯ ಹಾಸಿಗೆ, ತೊಳೆದ ಕೌದಿ ನಮ್ಮ ಮನೆಯಿಂದ ಬರುತ್ತವೆ. ಮಿರಗ ಹೊಕ್ಕ ದಿನದಿಂದ ಕೆರೆ ತುಂಬುವ ದಿನದವರೆಗೆ ತಾವು ಅಲ್ಲಿ ಬಂದು ಮಲಗಿರಿ. ಕರೀಮಸಾಬರು ಒಳ್ಳೆಯ ಜೊತೆಗಾರರು, ಬಳ್ಳಿಯ ವಿಷಯ ಬಹಳ ಹೇಳುತ್ತಾರೆ. ನೀರು ಬಂದರೆ ತಾವು ಎದ್ದು ಓಡಬಲ್ಲಿರಿ. ಓಡುವಾಗ ಅವರನ್ನೂ ಎತ್ತಿಕೊಂಡು ಓಡಿರಿ, ಅಷ್ಟೇ ಸಾಕು.

ಇಂತಿ,
ಒಡೆದ ದಿನ ಮಾತ್ರ ಈ ಒಡ್ಡಿನ ಮಾಲಕಳೆಂದು ತಮ್ಮ ಕಚೇರಿ ಒಪ್ಪಿಕೊಂಡಿರುವ,
ಯಮುನಾಬಾಯಿ